ಮುಯ್ಯಾಳಿನ ಹಸಿರು ಚುಕ್ಕಿ

ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇದೆ ಅನ್ನುವಾಗಲೇ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಿರುತ್ತೇನೆ. ಪರದೆಯ ಎಡಗಡೆ ಒಂಬತ್ತು ಹೆಸರುಗಳಿವೆ. ಕೆಲಸಕ್ಕೆ ಕೂತವರ ಹೆಸರಿನ ಪಕ್ಕ ಹಸಿರು ಚುಕ್ಕಿ ಬರುತ್ತದೆ, ಎದ್ದು ಹೋದವರದು ಬೂದಿ ಬಣ್ಣಕ್ಕೆ ತಿರುಗುತ್ತದೆ. ನನ್ನ ಆಫೀಸು ಅಂದರೆ ಇಷ್ಟೇ, ಒಂಬತ್ತು ಚುಕ್ಕಿ.

ನಮ್ಮ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಕಂಪನಿ ಪಂಪ್‌ಸೆಟ್ಟಿಗೆ ಹಾಕುವ ಸ್ಟಾರ್ಟರ್ ಮಾರುತ್ತದೆ. ಮನೆಯಲ್ಲಿ ಕೂತು ಮೊಬೈಲಿನಿಂದಲೇ ತೋಟದ ಮೋಟಾರು ಆನ್ ಮಾಡಬಹುದು. ಅದು ಕೈಕೊಟ್ಟಾಗ ರೈತರು ರೇಗಿಕೊಂಡು ಫೋನ್ ಮಾಡುತ್ತಾರಲ್ಲ, ಆ ಫೋನ್ ಎತ್ತುವವರು ನಾವು. ತ್ರೀ ಫೇಸ್ ಕರೆಂಟು ಬಂತೋ, ಕರೆಗಳು ಮುಗಿಬೀಳುತ್ತವೆ. ಹೋಯಿತೋ, ಎಲ್ಲ ತಣ್ಣಗಾಗುತ್ತದೆ. ಫೋನ್ ಎತ್ತುವ ಒಂಬತ್ತು ಜನವೂ ಹೆಂಗಸರೇ, ಅವರ ಸೂಪರ್‌ವೈಸರ್ ನಾನು. ತುಮಕೂರಿನಲ್ಲಿ ನಾಲ್ವರು, ಗುಬ್ಬಿಯಲ್ಲಿ ಇಬ್ಬರು, ಕುಣಿಗಲ್ ಕಡೆ ಮೂವರು, ಎಲ್ಲರೂ ಅವರವರ ಮನೆಯಲ್ಲಿ. ಒಂದೇ ಕೋಣೆಯಲ್ಲಿ ನಾವೆಲ್ಲ ಒಂದು ದಿನವೂ ಕೂತವರಲ್ಲ.

ಕಂಪನಿಯ ಮ್ಯಾನೇಜರ್ ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವನು. ವಾರಕ್ಕೊಮ್ಮೆ ಫೋನಿನಲ್ಲಿ, "ಟೀಮ್ ಕಲ್ಚರ್ ಬಿಲ್ಡ್ ಮಾಡಿ ಮೇಡಂ" ಎನ್ನುತ್ತಾನೆ. ಅದೇನು ಕಾಂಪೌಂಡ್ ಗೋಡೆಯೇ ಕಟ್ಟೋದಕ್ಕೆ, ಎಂದು ಬಾಯಿಗೆ ಬಂದರೂ ನುಂಗಿಕೊಂಡು, "ಮಾಡ್ತಾ ಇದೀನಿ ಸರ್" ಅನ್ನುತ್ತೇನೆ. ಮಾಡಿಯೂ ಮಾಡಿದೆ. ಶುಕ್ರವಾರ ಅಂತ್ಯಾಕ್ಷರಿ ಇಟ್ಟೆ. ಹುಟ್ಟುಹಬ್ಬಕ್ಕೆ ಪರದೆಯ ಮೇಲೆ ಕೇಕ್ ತೋರಿಸಿದೆ. 'ನಾವೆಲ್ಲ ಒಂದೇ ಕುಟುಂಬ' ಎಂದು ಬರೆದ ಹೂವಿನ ಚಿತ್ರ ಗ್ರೂಪಿಗೆ ಹಾಕಿದೆ. ಒಂಬತ್ತು ಜನವೂ ಕೈ ಮುಗಿಯುವ ಚಿತ್ರ ಕಳಿಸಿದರು, ಅಷ್ಟರಲ್ಲಿ ಕರೆಂಟು ಬಂದು ಎಲ್ಲರೂ ಫೋನಿಗೆ ಓಡಿದರು.

ಒಂದೇ ಕುಟುಂಬ ಅಂದವಳೇ ಕಾನೂನುಗಳನ್ನೂ ಮಾಡಿದೆ. ಒಂಬತ್ತಕ್ಕೆ ಕ್ಯಾಮೆರಾ ಆನ್ ಇರಬೇಕು. ರಜೆ ಬೇಕಾದರೆ ಮೂರು ದಿನ ಮುಂಚೆ ಹೇಳಬೇಕು. ಚುಕ್ಕಿ ಐದು ನಿಮಿಷ ಬೂದಿಯಾದರೆ ನನ್ನ ಫೋನ್ ಬರುತ್ತದೆ. ಯಾರು ನಿಜವಾಗಿ ಕೂತಿದ್ದಾರೆ, ಯಾರು ಒಲೆಯ ಮುಂದೆ ಇದ್ದಾರೆ ಎಂಬ ಅನುಮಾನ ನನ್ನನ್ನು ದಿನವೆಲ್ಲ ಕೊರೆಯುತ್ತಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಗಂಡ ಊಟಕ್ಕೆ ಕೂತಾಗ, "ನನ್ ತಲೆ ಮೇಲೂ ಒಂದು ಚುಕ್ಕಿ ಇಟ್ಬಿಡೇ, ಎಲ್ಲಿದೀನಿ ಅಂತ ನಿಂಗೂ ಗೊತ್ತಾಗುತ್ತೆ" ಎಂದು ಕಿಚಾಯಿಸುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ನಾನು ಒಂದು ಕಥೆ ಹೇಳುತ್ತಿದ್ದೆ. ಕಳೆದ ವರ್ಷ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿ, ಅದು ನಂಜಾಗಿ, ಆರು ದಿನ ಆಸ್ಪತ್ರೆಯಲ್ಲಿದ್ದೆ. ಕಂಪನಿಗೆ ದಿನದ ರಿಪೋರ್ಟ್ ಸಂಜೆ ಆರಕ್ಕೆ ಹೋಗಬೇಕು. "ಕೈಗೆ ಡ್ರಿಪ್ ಹಾಕಿದ್ರು, ಆದ್ರೂ ಒಂದು ದಿನ ರಿಪೋರ್ಟ್ ತಪ್ಪಿಸಲಿಲ್ಲ. ಅದಕ್ಕೆ ಹೇಳೋದು ಜವಾಬ್ದಾರಿ ಅಂತ" ಎಂದು ಮುಗಿಸುತ್ತಿದ್ದೆ. ಯಾರಾದರೂ ತಡವಾಗಿ ಬಂದರೆ ಅದೇ ಕಥೆ. ರಜೆ ಕೇಳಿದರೂ ಅದೇ ಕಥೆ. ಒಂಬತ್ತು ಮುಖಗಳು ಪರದೆಯಲ್ಲಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವು.

ಆ ಒಂಬತ್ತರಲ್ಲಿ ಇಬ್ಬರ ವಿಷಯ ಹೇಳಬೇಕು. ಗುಬ್ಬಿಯ ಇಬ್ಬರಲ್ಲಿ ಒಬ್ಬರು ನನಗಿಂತ ಹಿರಿಯರು, ಮೊದಲು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಅವರ ಮನೆಯ ಹಿಂದೆಯೇ ಹಿಟ್ಟಿನ ಗಿರಣಿ. ಬಾಯಿ ತೆರೆದರೆ ಅವರಿಗಿಂತ ಮೊದಲು ಗಿರಣಿಯ ಬೆಲ್ಟು ಟಪ್ ಟಪ್ ಎಂದು ಮಾತಾಡುತ್ತದೆ. "ಮ್ಯೂಟ್ ಮಾಡ್ಕೊಳ್ಳಿ" ಎಂದು ನಾನು ದಿನಕ್ಕೊಮ್ಮೆಯಾದರೂ ಅವರಿಗೆ ಗದರುತ್ತಿದ್ದೆ. ಇನ್ನೊಬ್ಬಳು ಹುಲಿಯೂರುದುರ್ಗದ ಹತ್ತಿರದ ಹಳ್ಳಿಯವಳು, ಮೂವತ್ತರ ಆಸುಪಾಸು. ಎಂಥಾ ಸಿಡುಕಿನ ರೈತನನ್ನೂ ಎರಡು ನಿಮಿಷದಲ್ಲಿ ತಣ್ಣಗೆ ಮಾಡುವ ಬಾಯಿ ಅವಳದು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ ಎಂದು ಒಮ್ಮೆ ಹೇಳಿದ್ದಳು. ನಾನು ಹೂಂ ಎಂದು ಮುಂದಿನ ವಿಷಯಕ್ಕೆ ಹೋಗಿದ್ದೆ.

ಒಂದು ಗುರುವಾರ ಬೆಳಿಗ್ಗೆ ಮ್ಯಾನೇಜರ್ ಕಡೆಯಿಂದ ಮೇಲ್ ಬಂತು. ಹಿಂದಿನ ದಿನದ ಎರಡು ಕರೆಗಳಲ್ಲಿ ಹುಲಿಯೂರುದುರ್ಗದವಳ ಹೆಸರಿಗೂ ಮಾತಾಡಿದ ದನಿಗೂ ಹೊಂದುತ್ತಿಲ್ಲ. ತಮ್ಮ ಲಾಗಿನ್ ಇನ್ನೊಬ್ಬರಿಗೆ ಕೊಟ್ಟವರನ್ನೂ ಅದರಲ್ಲಿ ಕೂತವರನ್ನೂ ತೆಗೆದುಹಾಕಬೇಕೆಂದು ಒಪ್ಪಂದದಲ್ಲೇ ಇದೆ. ಯಾರೆಂದು ಪತ್ತೆ ಮಾಡಿ, ಕೆಲಸದಿಂದ ಬಿಡಿಸಿ, ಶುಕ್ರವಾರ ಸಂಜೆ ಆರರೊಳಗೆ ತಿಳಿಸಿ.

ಪತ್ತೆ ಮಾಡುವುದೇನು ಬಂತು. ರೆಕಾರ್ಡಿಂಗ್ ಹಾಕಿದ ಕೂಡಲೇ ಟಪ್ ಟಪ್ ಕೇಳಿಸಿತು. ಪರದೆ ನೋಡಿದೆ. ಹುಲಿಯೂರುದುರ್ಗದವಳ ಚುಕ್ಕಿ ಹಸಿರಾಗಿಯೇ ಇದೆ. ಬೆಳಿಗ್ಗೆ ನೆಟ್ ಸರಿಯಿಲ್ಲ ಎಂದು ಹೇಳಿ ಕ್ಯಾಮೆರಾ ಹಾಕಿರಲಿಲ್ಲ. ಆ ಕ್ಷಣದ ಕರೆಗೆ ಕಿವಿ ಕೊಟ್ಟೆ. ಗುಬ್ಬಿಯ ಟೀಚರ್ ಅವಳ ಹೆಸರು ಹೇಳಿಕೊಂಡು ಯಾರಿಗೋ ಕೆಂಪು ಬಟನ್ ಒತ್ತಿ ಎನ್ನುತ್ತಿದ್ದರು. ಅವರದೇ ಹೆಸರಿನ ಚುಕ್ಕಿಯೂ ಪಕ್ಕದಲ್ಲಿ ಹಸಿರಾಗಿತ್ತು. ಎರಡು ಫೋನನ್ನು ಒಬ್ಬರೇ ನಿಭಾಯಿಸುತ್ತಿದ್ದರು.

ಮೈಯೆಲ್ಲ ಉರಿದುಹೋಯಿತು. ನಂಬಿದವರೇ ನನ್ನ ಕಣ್ಣಿಗೆ ಮಣ್ಣೆರಚಿದರಲ್ಲ ಅನ್ನಿಸಿತು. ಫೋನಿನಲ್ಲಿ ಬೈದರೆ ನೆಟ್ ಇಲ್ಲ ಅನ್ನುತ್ತಾಳೆ. ಮುಖಾಮುಖಿ ಹಿಡಿಯಬೇಕು ಎಂದು ಚಪ್ಪಲಿ ಮೆಟ್ಟಿದೆ. "ತಿಂಡಿನಾದ್ರೂ ತಿಂದ್ಕೊಂಡು ಹೋಗೇ" ಎಂದು ಗಂಡ ಕೂಗಿದ್ದು ಗೇಟಿನ ಹತ್ತಿರ ಕೇಳಿಸಿತು, ನಿಲ್ಲಲಿಲ್ಲ. ಬಸ್‌ ಸ್ಟ್ಯಾಂಡಿಗೆ ಹೋಗಿ ಕುಣಿಗಲ್ ಬಸ್ಸು ಹತ್ತಿದೆ.

ಬಸ್ಸಿನಲ್ಲೂ ನನಗೆ ನೆಮ್ಮದಿಯಿಲ್ಲ. ಮೊಬೈಲ್ ತೆಗೆದು ಚುಕ್ಕಿ ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡೆ, ಮೂರೂ ಸಲ ಡ್ರಿಪ್ಪಿನ ಕಥೆ ಅದರಲ್ಲಿ ಬಂತು. ಕುಣಿಗಲ್ಲಿನಲ್ಲಿ ಇಳಿದು ಹುಲಿಯೂರುದುರ್ಗದ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಅಲ್ಲಿಂದ ಆಟೋ. ಅವಳ ಮನೆ ತೋರಿಸಿದವರು, "ಹುಳದ್ ಮನೇಲವ್ರೆ, ಹಿಂದಕ್ಕೋಗಿ" ಎಂದರು.

ಹುಳದ ಮನೆ ಅಂದರೆ ಶೀಟಿನ ಉದ್ದ ಕೋಣೆ. ಒಳಗೆ ಏಳೆಂಟು ಹೆಂಗಸರು ಬಗ್ಗಿ, ಹಿಪ್ಪುನೇರಳೆ ಸೊಪ್ಪಿನ ಮೇಲಿಂದ ಹುಳಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟೆಗಳ ಮೇಲೆ ಬಿಡುತ್ತಿದ್ದರು. ಹಣ್ಣಾದ ಹುಳ ಹಳದಿಗೆ ತಿರುಗಿ ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವ ಹಾಗಿತ್ತು. ಬಾಗಿಲಲ್ಲಿ ನಿಂತ ನನ್ನನ್ನು ಅವಳ ಅತ್ತೆ ನೋಡಿದರು. ಯಾರೆಂದು ಕೇಳಲಿಲ್ಲ. "ಬಾರವ್ವಾ, ಒಳ್ಳೆ ಹೊತ್ಗೆ ಬಂದೆ. ಕೈ ತೊಳ್ಕೊಂಡು ಕೂತ್ಕೋ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಅವಳು ತಲೆಯೆತ್ತಿ ನನ್ನನ್ನು ಕಂಡಳು. ಮುಖದ ರಕ್ತವೆಲ್ಲ ಇಳಿದುಹೋಯಿತು. ಆದರೆ ಕೈ ಮಾತ್ರ ನಿಲ್ಲಲಿಲ್ಲ.

"ನೆಟ್ ಸರಿಯಿಲ್ಲ ಅಂದೆಯಲ್ಲ" ಎಂದೆ.

"ತಪ್ಪಾಯ್ತು ಮೇಡಂ. ಹುಳ ಹಣ್ಣಾಗವೆ. ಈಗ ಎತ್ತಿ ಹಾಕ್ದಿದ್ರೆ ಸೊಪ್ಪಲ್ಲೇ ಗೂಡು ಕಟ್ಕಂಡ್ಬುಡ್ತವೆ, ಆಮೇಲೆ ಮಾರ್ಕೆಟ್ನಲ್ಲಿ ಯಾರೂ ಮುಟ್ಟಲ್ಲ."

"ರಜೆ ಕೇಳೋಕೆ ಏನಾಗಿತ್ತು?"

"ಮೂರು ದಿನ ಮುಂಚೆ ಕೇಳ್ಬೇಕು ಅಂತೀರಲ್ಲ ಮೇಡಂ. ಹುಳ ನಮ್ಗೆ ಹೇಳ್ಬುಟ್ಟು ಹಣ್ಣಾಗ್ತವಾ?"

ನನಗೆ ಇನ್ನೂ ಸಿಟ್ಟು ಬಂತು. ಕಂಪನಿಯ ಮೇಲ್ ವಿಷಯ ಹೇಳಿದೆ. ನಾಳೆ ಸಂಜೆಯೊಳಗೆ ನಿನ್ನನ್ನೂ ಅವರನ್ನೂ ತೆಗೆದೆ ಎಂದು ಬರೆಯಬೇಕು ಎಂದೆ. ಆಗ ಅವಳ ಕಣ್ಣಲ್ಲಿ ನೀರು ಬಂತು. ತೋಳಿನಲ್ಲೇ ಒರೆಸಿಕೊಂಡಳು, ಕೈಯಲ್ಲಿ ಹುಳ ಇತ್ತು.

"ನನ್ ಬಿಡ್ಸಿ ಮೇಡಂ, ಅವ್ರನ್ನ ಬಿಡುಸ್ಬ್ಯಾಡಿ. ಅವ್ರು ನನ್ ಮುಯ್ಯಿಗೆ ಕೂತವ್ರೆ ಅಷ್ಟೆಯ. ಹೋದ್ ತಿಂಗ್ಳು ಅವ್ರ ಮಗಳಿಗೆ ಹೆರಿಗೆ ನೋವು ಬಂತಲ್ಲ, ಆವಾಗ ಅವ್ರ ಹೆಸ್ರಲ್ಲಿ ನಾನು ಕೂತಿದ್ದೆ. ಎಲ್ರೂ ಹಂಗೇ ಮಾಡ್ತೀವಿ."

ಮುಯ್ಯಿ ನನಗೆ ಗೊತ್ತಿಲ್ಲದ್ದೇನಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ. ಆ ಕೋಣೆಯಲ್ಲಿದ್ದ ಏಳೆಂಟು ಹೆಂಗಸರೂ ಹಾಗೆ ಮುಯ್ಯಾಳುಗಳಾಗಿ ಬಂದವರೇ. ಅವಳ ಅತ್ತೆ ನನ್ನನ್ನೂ ಹಾಗೆಯೇ ಅಂದುಕೊಂಡಿದ್ದರು. ಹೊಲಕ್ಕೆ ಸರಿ, ನನ್ನ ಆಫೀಸಿಗೆ ಇದೆಲ್ಲ ಯಾಕೆ ಬರಬೇಕು ಎಂದು ದನಿ ಏರಿಸಿದೆ.

"ನಿಮ್ಗೂ ಮಾಡುದ್ರಲ್ಲ ಮೇಡಂ" ಎಂದಳು ಅವಳು.

"ನನಗೆ ಯಾರು ಏನು ಮಾಡಿದ್ರು?"

"ಆಸ್ಪತ್ರೇಲಿದ್ರಲ್ಲ, ಆವಾಗ. ನಿಮ್ ರಿಪೋರ್ಟ್ನೆಲ್ಲ ಅವ್ರೇ ತಾನೆ ಬರ್ದಿದ್ದು." ಹೇಳಿದವಳು ನನ್ನ ಮುಖ ನೋಡಿದಳು. ಅವತ್ತು ಮೊದಲ ಸಲ ಅವಳ ಕೈ ನಿಂತಿತು. "ನಿಮ್ಗೆ ಗೊತ್ತಿಲ್ವಾ? ಅಯ್ಯೋ, ನನ್ ಬಾಯಿಗ್ ಮಣ್ಣಾಕ."

ಕೈ ತೊಳೆದು ಬಂದು ಅತ್ತೆ ಮಾಡಿಕೊಟ್ಟಿದ್ದ ಜಾಗದಲ್ಲಿ ಕೂತೆ. ಸ್ವಲ್ಪ ಹೊತ್ತು ಹುಳ ಆರಿಸಿದೆ. ಹಣ್ಣಾಗದ್ದನ್ನೂ ಎತ್ತಿಡುತ್ತಿದ್ದೆನಂತೆ, ಅತ್ತೆ ಮತ್ತೆ ಮತ್ತೆ ಅವನ್ನು ತೆಗೆದು ಸೊಪ್ಪಿಗೆ ಬಿಡುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೊಬೈಲಿನಲ್ಲೇ ಹಳೆಯ ಮೇಲ್‌ಗಳನ್ನು ಹುಡುಕಿದೆ. ಆರು ದಿನದ ಆರು ರಿಪೋರ್ಟೂ ಇದ್ದವು. ಮೊದಲೆರಡು ನಾನೇ ಕಳಿಸಿದ್ದು. ಎರಡೂ ಆರು ದಾಟಿ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ, ಎರಡೆರಡು ಸಾಲು, ಅಕ್ಷರವೆಲ್ಲ ತಪ್ಪು. ನಾನು ಯಾವತ್ತೂ ಆರಕ್ಕೆ ಸರಿಯಾಗಿ ಕಳಿಸಿದವಳಲ್ಲ. ಮಿಕ್ಕ ನಾಲ್ಕು ಆರು ಗಂಟೆ ಹೊಡೆಯುವುದಕ್ಕೆ ಸರಿಯಾಗಿ ಹೋಗಿದ್ದವು. ಯಾವ ಊರಿನ ಯಾವ ರೈತನ ಮೋಟಾರು ಇನ್ನೂ ಸರಿಯಾಗಿಲ್ಲ, ಅವನಿಗೆ ನಾಳೆ ಯಾರು ಫೋನ್ ಮಾಡಬೇಕು ಎಂಬುದೆಲ್ಲ ಟೀಚರ್ ಬರೆದ ಹಾಗೆ ಒಪ್ಪವಾಗಿ ಇತ್ತು. ಕೆಳಗೆ ನನ್ನ ಹೆಸರು.

ಎರಡನೆಯ ದಿನ ರಾತ್ರಿ ನೋವು ತಡೆಯಲಾಗದೆ ಗುಬ್ಬಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೊಟ್ಟು "ಒಂಚೂರು ನೋಡ್ಕೊಳ್ಳಿ" ಎಂದಿದ್ದು ಈಗ ನೆನಪಾಯಿತು. ಆಮೇಲಿನದು ಔಷಧಿಯ ಮಂಪರು. ಮನೆಗೆ ಬಂದು ನೋಡಿದಾಗ ಎಲ್ಲ ರಿಪೋರ್ಟೂ ಹೋಗಿದ್ದವು, ಕಳಿಸಿದವಳು ನಾನೇ ಎಂದು ನಂಬಿಬಿಟ್ಟೆ. ನಂಬಲು ಚೆನ್ನಾಗಿತ್ತು, ಅದಕ್ಕೇ ನಂಬಿದೆ ಅಂತಲೂ ಇರಬಹುದು. ಆಸ್ಪತ್ರೆಯಲ್ಲಿದ್ದೂ ಇಷ್ಟು ಚೆನ್ನಾದ ರಿಪೋರ್ಟ್ ಎಂದು ಮ್ಯಾನೇಜರ್ ಹೊಗಳಿ ಬರೆದದ್ದನ್ನು ಗ್ರೂಪಿಗೆ ಹಾಕಿದ್ದೆ. ಅದರ ಕೆಳಗೆ ಮೊದಲು ಕೈ ಮುಗಿದದ್ದು ಗುಬ್ಬಿಯ ಟೀಚರ್. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕೂತವರಿಗೆ ಕಾಣದಿರಲಿ ಎಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ ಮೀಟಿಂಗ್ ಮುಗಿಸಿದವಳೇ ಗುಬ್ಬಿಗೆ ಹೋದೆ. ಎರಡು ವರ್ಷದಿಂದ ಅವರ ಜೊತೆ ಕೆಲಸ ಮಾಡುತ್ತಿದ್ದರೂ ಅವರ ಮನೆ ನೋಡಿದ್ದು ಅವತ್ತೇ. ಗಿರಣಿಯ ಗೋಡೆ ಅವರ ಅಡುಗೆಮನೆಯ ಗೋಡೆಯೇ, ಪಾತ್ರೆಗಳ ಮೇಲೆಲ್ಲ ಹಿಟ್ಟಿನ ಧೂಳು. ಒಳಗೆ ಮಗಳು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವರು ಹೆಡ್‌ಫೋನ್ ತೆಗೆದಿಟ್ಟು ನನಗೆ ಕಾಫಿ ಕೊಟ್ಟರು. ಹುಲಿಯೂರುದುರ್ಗದಿಂದ ಸುದ್ದಿ ಬಂದಿತ್ತು ಎಂದು ಅವರ ಮುಖದಲ್ಲೇ ಗೊತ್ತಾಯಿತು.

"ಯಾಕೆ ಹೇಳಲಿಲ್ಲ ನೀವು? ಪ್ರತಿ ಸೋಮವಾರ ಆ ಕಥೆ ಹೊಡೀತಾನೇ ಇದ್ದೆ" ಎಂದೆ.

"ಅಯ್ಯೋ ಬಿಡಿ ಮೇಡಂ. ನೀವು ಅಷ್ಟು ಖುಷಿಯಾಗಿ ಹೇಳೋರು. ನಡುವೆ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಕಾಫಿ ಲೋಟ ಕೆಳಗಿಟ್ಟೆ. ಅವರೇ ಮುಂದುವರಿಸಿದರು. "ಕಂಪನಿಗೆ ನನ್ ಹೆಸರು ಬರ್ಕೊಟ್ಬಿಡಿ. ನಾನೇ ಅವಳ ಲಾಗಿನ್ ಕೇಳಿ ಇಸ್ಕೊಂಡೆ ಅಂತ ಹೇಳಿ. ಚಿಕ್ಕೋಳು, ಅವಳ ಕೆಲಸ ಉಳೀಲಿ. ನಂಗೇನು, ವಯಸ್ಸಾಯ್ತು."

ಮಧ್ಯಾಹ್ನ ಮನೆಗೆ ಬಂದು ಮಹಡಿಯಲ್ಲಿ ಓಡಾಡಿದೆ. ಅವರು ಹೇಳಿದ ಹಾಗೆ ಬರೆದರೆ ಎಲ್ಲ ಸುಲಭವಾಗಿ ಮುಗಿಯುತ್ತಿತ್ತು. ಒಬ್ಬರು ಹೋಗುತ್ತಿದ್ದರು, ನನ್ನ ಕಥೆ ನನ್ನ ಹತ್ತಿರವೇ ಉಳಿಯುತ್ತಿತ್ತು. ಸುಳ್ಳು ಹೇಳುವುದಿಲ್ಲ, ಅರ್ಧ ಗಂಟೆ ಅದನ್ನೇ ಯೋಚಿಸಿದೆ. ಕಾಲೇಜಿನಿಂದ ಬಂದ ಗಂಡನಿಗೆ ಎಲ್ಲ ಹೇಳಿದೆ. ಕಿಚಾಯಿಸುತ್ತಾರೆ ಅಂದುಕೊಂಡಿದ್ದೆ. "ನಂಗೂ ಆ ಕಥೆ ಹೇಳಿದ್ದೆ ಕಣೇ ನೀನು. ಆ ನಾಲ್ಕು ದಿನ ನಿನ್ ಫೋನು ನನ್ ಜೇಬಲ್ಲಿತ್ತು" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ಕೂತು ಬರೆದೆ. ನಮ್ಮಲ್ಲಿ ಲಾಗಿನ್ ಬೇರೆಯವರಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು. ನೀವು ಹೊಗಳಿದ ಆ ನಾಲ್ಕು ರಿಪೋರ್ಟು ನನ್ನವಲ್ಲ, ಗುಬ್ಬಿಯವರದು. ಹುಲಿಯೂರುದುರ್ಗದವಳು ಲಾಗಿನ್ ಕೊಟ್ಟದ್ದು, ನಾನು ಮಾಡಿದ ರಜೆಯ ನಿಯಮ ಅವಳ ಕೆಲಸಕ್ಕೆ ಹೊಂದದೆ ಹೋದದ್ದರಿಂದ. ಒಪ್ಪಂದದ ಪ್ರಕಾರ ತೆಗೆಯುವುದಾದರೆ ನನ್ನಿಂದ ಶುರು ಮಾಡಿ. ಆರು ಗಂಟೆಗೆ ಸರಿಯಾಗಿ ಕಳಿಸಿದೆ. ನಾನು ಹೊತ್ತಿಗೆ ಸರಿಯಾಗಿ ಕಳಿಸಿದ ಮೊದಲ ರಿಪೋರ್ಟ್ ಅದು.

ಐದು ನಿಮಿಷಕ್ಕೆ ಫೋನ್ ಬಂತು. "ಮೇಡಂ, ಇದನ್ನ ಮೇಲಿನೋರಿಗೆ ನಾನು ಏನಂತ ಕಳಿಸಲಿ?" ಎಂದ ಮ್ಯಾನೇಜರ್.

"ಇದ್ದದ್ದನ್ನ ಇದ್ದ ಹಾಗೆ ಕಳಿಸಿ" ಎಂದೆ.

ಶನಿವಾರ, ಭಾನುವಾರ ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಬೀರುವಿನ ಸೀರೆಗಳನ್ನೆಲ್ಲ ಕೆಳಗೆ ಹಾಕಿ ಮತ್ತೆ ಮಡಚಿಟ್ಟೆ. ಸೋಮವಾರದ ಮೀಟಿಂಗಿನಲ್ಲಿ ಕಥೆಯನ್ನು ಸರಿಯಾಗಿ ಹೇಳಿದೆ. ಡ್ರಿಪ್ ನನಗೆ ಹಾಕಿದ್ದು, ರಿಪೋರ್ಟ್ ಅವರು ಬರೆದದ್ದು ಎಂದೆ. ಪರದೆಯಲ್ಲಿ ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ. ಒಂಬತ್ತು ಜನಕ್ಕೂ ಮೊದಲಿನಿಂದ ಗೊತ್ತಿತ್ತು.

ಕಂಪನಿಯ ಉತ್ತರ ಬುಧವಾರ ಬಂತು. ಯಾರನ್ನೂ ತೆಗೆಯುವುದು ಬೇಡ. ನನಗೊಂದು ಎಚ್ಚರಿಕೆಯ ಪತ್ರ. ಇನ್ನುಮೇಲೆ ಒಬ್ಬರ ಬದಲಿಗೆ ಇನ್ನೊಬ್ಬರು ಕೂರಬಹುದು, ಆದರೆ ತಮ್ಮ ತಮ್ಮ ಹೆಸರಿನಲ್ಲೇ ಕೂರಬೇಕು, ಬೆಳಿಗ್ಗೆ ಒಂದು ಮಾತು ಹೇಳಿದರೆ ಸಾಕು. ಮೂರು ದಿನದ ನಿಯಮವನ್ನು ನಾನೇ ಅಳಿಸಿಹಾಕಿದೆ.

ಅವತ್ತು ಸಂಜೆ ಗುಬ್ಬಿಯ ಟೀಚರ್ ಫೋನ್ ಮಾಡಿದರು. "ಮೇಡಂ, ಮಗಳನ್ನೂ ಕೂಸನ್ನೂ ಅತ್ತೆ ಮನೆಗೆ ಬಿಟ್ಟು ಬರ್ಬೇಕು. ನಾಲ್ಕು ದಿನ ಆಗುತ್ತೆ. ನಿಮ್ ಮುಯ್ಯಿ ಇತ್ತಲ್ಲ, ಬರ್ತೀರಾ?"

ಈ ಎರಡು ವರ್ಷದಲ್ಲಿ ನನ್ನ ಟೀಮಿನವರು ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. "ಬರ್ತೀನಿ" ಎಂದೆ.

ಹೆಡ್‌ಫೋನ್ ಹಾಕಿಕೊಂಡು ರೈತರ ಕರೆಗೆ ನಾನೇ ಕೂತದ್ದು ಆ ನಾಲ್ಕು ದಿನವೇ ಮೊದಲು. ಓಡಾಡಲು ಆಗುವುದಿಲ್ಲ, ವೈರು ಎಳೆದು ಕೂರಿಸುತ್ತದೆ. ಕರೆಂಟು ಬಂದ ತಕ್ಷಣ ಮೊದಲ ಕರೆ ಬಂತು. ವಯಸ್ಸಾದವರ ದನಿ, ಎತ್ತಿದ ಕೂಡಲೇ ರೇಗಿದರು.

"ಏನ್ರೀ ನಿಮ್ ಸ್ಟಾರ್ಟ್ರು, ಎಷ್ಟು ಒತ್ತುದ್ರೂ ಮೋಟ್ರು ಓಡ್ತಿಲ್ಲ. ನೀವ್ಯಾರು? ಯಾವಾಗ್ಲೂ ಮಾತಾಡೋ ಅವಮ್ಮ ಎಲ್ಲೋದ್ರು? ನಂಗೆ ಅವ್ರೇ ಬೇಕು."

ನನ್ನ ಹೆಸರು ಹೇಳಿದೆ. ಸೂಪರ್‌ವೈಸರ್ ಎನ್ನಲು ಹೋದವಳು ತಡೆದೆ.

"ಅವರು ಊರಲ್ಲಿಲ್ಲ ಯಜಮಾನ್ರೇ. ಅವರ ಮುಯ್ಯಿಗೆ ನಾನು ಕೂತಿದೀನಿ."

ಆ ಕಡೆ ಟಕ್ ಟಕ್ ಎಂದು ಬಟನ್ ಒತ್ತುತ್ತಿದ್ದ ಸದ್ದು ನಿಂತಿತು.

"ಓ, ಮುಯ್ಯಾಳಾ" ಎಂದರು. ದನಿ ಪೂರಾ ಇಳಿದಿತ್ತು. "ಅದ್ನ ಮೊದ್ಲೇ ಹೇಳ್ಬಾರ್ದಾ ಮತ್ತೆ. ಸರಿ ಬುಡವ್ವಾ, ಈಗ ಹೇಳು, ಯಾವ ಬಟನ್ ಒತ್ಲಿ?"